ಯಾರ ಕಾರ್ಡು, ಯಾರ ಕಾರು? ಷರತ್ತುಗಳ ತರ್ಕ ಕಲಿಸಲು ಒಂದು ಪಾಠ

ಗಣಿತದಲ್ಲಿ ‘ಮತ್ತು’, ‘ಅಥವಾ’, ‘ಮೀರಿದ’, ‘ಮೀರದ’ ಎಂಬ ಪದಗಳಿಗೆ ಇರುವ ತೂಕ ಮಕ್ಕಳಿಗೆ ಬೇಗ ಮನವರಿಕೆಯಾಗುವುದಿಲ್ಲ. ‘100ಕ್ಕಿಂತ ಹೆಚ್ಚು’ ಎಂದರೆ 100 ಸೇರಿದೆಯೋ ಇಲ್ಲವೋ ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ಸಂಖ್ಯಾರೇಖೆಯ ಮೇಲೆ ಬಿಟ್ಟ ವೃತ್ತ, ತುಂಬಿದ ವೃತ್ತ ಎಂದು ಬರೆಯಿಸಿದರೆ ಬರೆಯುತ್ತಾರೆ. ಆದರೆ ಆ ಚಿಕ್ಕ ವೃತ್ತ ತುಂಬಿದ್ದರೆ ಏನು, ಬಿಟ್ಟಿದ್ದರೆ ಏನು ಎಂಬ ಪ್ರಶ್ನೆಗೆ ‘ಒಂದು ಅಂಕ ಹೋಗುತ್ತದೆ’ ಎನ್ನುವುದರಾಚೆಗೆ ಉತ್ತರ ಬರುವುದಿಲ್ಲ. ಆ ವೃತ್ತದ ಮೇಲೆ ಯಾರದೋ ವರ್ಷಗಳ ಉಳಿತಾಯ ನಿಂತಿರುವಂಥ ಉದಾಹರಣೆ ಬೇಕಿತ್ತು.

ಬೋಧನಾಭ್ಯಾಸದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಎರಡು ಅವಧಿಗಳಲ್ಲಿ ನೀಡಿದ ಈ ಪಾಠಕ್ಕೆ ಬ್ರಿಟನ್ನಿನ ಒಂದು ಕಾನೂನನ್ನು ಆರಿಸಿಕೊಂಡೆ. ಕ್ರೆಡಿಟ್ ಕಾರ್ಡಿನಿಂದ ಕೊಂಡ ವಸ್ತುವಿಗೆ ಅಲ್ಲಿ ಸಿಗುವ ರಕ್ಷಣೆ ಮತ್ತು ಸಂಬಂಧಿಕರು ನೆರವಾಗಿ ಹಣ ಕಟ್ಟಿದಾಗ ಆ ರಕ್ಷಣೆಗೆ ಏನಾಗುತ್ತದೆ ಎಂಬುದೇ ವಿಷಯ. ಪರದೇಶದ ಕಾನೂನು ಏಕೆ ಎಂದು ಮಾರ್ಗದರ್ಶಕ ಅಧ್ಯಾಪಕರು ಕೇಳಿದರು. ಎರಡು ಕಾರಣಗಳಿದ್ದವು. ಆ ಕಾನೂನಿನಲ್ಲಿ ಎರಡು ಖಚಿತ ಗಡಿಸಂಖ್ಯೆಗಳೂ ಒಂದು ಸ್ಪಷ್ಟ ತ್ರಿಕೋನವೂ ಇವೆ. ಹೀಗಾಗಿ ಅದು ಗಣಿತದ ತರಗತಿಗೆ ಹೇಳಿ ಮಾಡಿಸಿದಂತಿದೆ. ಮತ್ತೆ, ನಮ್ಮ ಊರುಗಳಿಂದ ನರ್ಸ್ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಓದಿಗೋ ಬ್ರಿಟನ್ನಿಗೆ ಹೋದವರಿದ್ದಾರೆ. ಹೊಸದಾಗಿ ಹೋದವರಿಗೆ ಅಲ್ಲಿ ಸಾಲದ ಇತಿಹಾಸ ಇರುವುದಿಲ್ಲ. ಕ್ರೆಡಿಟ್ ಕಾರ್ಡ್ ಸುಲಭವಾಗಿ ಸಿಗುವುದಿಲ್ಲ. ಆಗ ಮೊದಲೇ ಹೋಗಿ ನೆಲೆಸಿದ ಅಣ್ಣನೋ ಚಿಕ್ಕಪ್ಪನೋ ತಮ್ಮ ಕಾರ್ಡ್ ಉಜ್ಜುತ್ತಾರೆ. ಪ್ರೀತಿಯಿಂದ ಮಾಡಿದ ಈ ಉಪಕಾರವೇ ರಕ್ಷಣೆಯ ಕೊಂಡಿಯನ್ನು ಕಳಚಬಹುದು.

ವಿಷಯ ವಿಶ್ಲೇಷಣೆ

ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ಹೇಳುವುದು ಇಷ್ಟು: ಒಬ್ಬ ಗ್ರಾಹಕ ಕ್ರೆಡಿಟ್ ಕಾರ್ಡಿನ ಸಾಲದಿಂದ ವಸ್ತು ಕೊಂಡಿದ್ದು, ಮಾರಿದವನು ಸುಳ್ಳು ಹೇಳಿ ಮಾರಿದ್ದರೆ ಅಥವಾ ಕರಾರು ಮುರಿದಿದ್ದರೆ, ಮಾರಿದವನ ಮೇಲೆ ಗ್ರಾಹಕನಿಗೆ ಯಾವ ಹಕ್ಕಿದೆಯೋ ಅಂಥದೇ ಹಕ್ಕು ಕಾರ್ಡ್ ಕೊಟ್ಟ ಸಂಸ್ಥೆಯ ಮೇಲೂ ಇರುತ್ತದೆ. ಇಬ್ಬರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು.

ಇದರ ಬೆಲೆ ಏನೆಂದು ಕಾರಿನ ಉದಾಹರಣೆಯಿಂದ ತಿಳಿಯಬಹುದು. ವ್ಯಾಪಾರಿಯಿಂದ ಕೊಂಡ ಕಾರು ತೃಪ್ತಿಕರ ಗುಣಮಟ್ಟದ್ದಾಗಿರಬೇಕು ಎಂದು ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ದೋಷವಿದ್ದರೆ ಮೊದಲ 30 ದಿನಗಳೊಳಗೆ ಕಾರನ್ನು ಹಿಂದಿರುಗಿಸಿ ಹಣ ಕೇಳುವ ಹಕ್ಕಿದೆ. ಆದರೆ ವ್ಯಾಪಾರಿ ಅಷ್ಟರಲ್ಲಿ ಬಾಗಿಲು ಹಾಕಿಕೊಂಡು ದಿವಾಳಿಯೆದ್ದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ, ಹಣ ಬರುವುದಿಲ್ಲ. ಆಗ ಕಾರ್ಡಿನ ಬ್ಯಾಂಕು ಎದುರಿಗೆ ನಿಂತಿರುತ್ತದೆ. ಅದು ಬಾಗಿಲು ಹಾಕುವುದಿಲ್ಲ.

ಈ ರಕ್ಷಣೆಗೆ ಷರತ್ತುಗಳಿವೆ. ಪಾಠಕ್ಕಾಗಿ ಅವನ್ನು ನಾಲ್ಕಾಗಿ ವಿಂಗಡಿಸಿದೆ:

1. ಒಂದು ವಸ್ತುವಿಗೆ ಮಾರಾಟಗಾರ ಹಾಕಿದ ಬೆಲೆ 100 ಪೌಂಡ್ ಮೀರಿರಬೇಕು. 30,000 ಪೌಂಡ್ ಮೀರಿರಬಾರದು.
2. ಆ ಬೆಲೆಯ ಒಂದು ಭಾಗವಾದರೂ ಕ್ರೆಡಿಟ್ ಕಾರ್ಡಿನಿಂದ ಸಂದಿರಬೇಕು.
3. ಸುಳ್ಳು ನಿರೂಪಣೆ ಅಥವಾ ಕರಾರಿನ ಉಲ್ಲಂಘನೆ ನಡೆದಿರಬೇಕು.
4. ಕಾರ್ಡಿನ ಸಾಲಗಾರನೂ ಮಾರಾಟಗಾರನ ಮೇಲೆ ಹಕ್ಕು ಇರುವವನೂ ಒಬ್ಬನೇ ಆಗಿರಬೇಕು.

ನಾಲ್ಕೂ ‘ಮತ್ತು’ ಎಂಬ ಪದದಿಂದ ಬೆಸೆದುಕೊಂಡಿವೆ. ಒಂದು ಸುಳ್ಳಾದರೂ ಇಡೀ ಹೇಳಿಕೆ ಸುಳ್ಳು. ಸಂಬಂಧಿಕರ ನೆರವಿನಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ನಾಲ್ಕನೆಯದು.

ನಿರೀಕ್ಷಿತ ಕಲಿಕಾ ಫಲಗಳು

ವಿದ್ಯಾರ್ಥಿಗಳು ಮಾತಿನಲ್ಲಿರುವ ಗಡಿಯನ್ನು ಅಸಮತೆಯಾಗಿ ಬರೆದು ಸಂಖ್ಯಾರೇಖೆಯಲ್ಲಿ ಗುರುತಿಸುವರು. ಅನೇಕ ಷರತ್ತುಗಳಿರುವ ಹೇಳಿಕೆಯ ಸತ್ಯಾಸತ್ಯವನ್ನು ಕೋಷ್ಟಕದ ಮೂಲಕ ನಿರ್ಧರಿಸುವರು. ಒಂದು ವ್ಯವಹಾರದಲ್ಲಿ ಹಣ ಕೊಟ್ಟವರು, ಕರಾರು ಮಾಡಿಕೊಂಡವರು, ವಸ್ತು ಬಳಸುವವರು ಬೇರೆ ಬೇರೆ ಇರಬಹುದೆಂದು ಗುರುತಿಸುವರು.

ಬೋಧನೋಪಕರಣಗಳು: ದಾರ, ಮೂರು ರಟ್ಟಿನ ಹಲಗೆಗಳು, ಕಾಗದದಲ್ಲಿ ಮಾಡಿದ ಮಾದರಿ ಬಿಲ್ಲುಗಳು.

ಹಂತ 1: ಗಡಿಯನ್ನು ಬರೆಯುವುದು

ಬೆಲೆಗೆ ‘ಬೆ’ ಎಂಬ ಅಕ್ಷರವನ್ನಿಟ್ಟು ಮೊದಲ ಷರತ್ತನ್ನು ಅಸಮತೆಯಾಗಿ ಬರೆಯಲು ಹೇಳಿದೆ. ಚರ್ಚೆಯ ನಂತರ ಕಪ್ಪುಹಲಗೆಯ ಮೇಲೆ ಬಂದದ್ದು:

100 < ಬೆ ≤ 30,000

ಎಡಗಡೆ ಬಿಟ್ಟ ವೃತ್ತ, ಬಲಗಡೆ ತುಂಬಿದ ವೃತ್ತ. ಸರಿಯಾಗಿ 100 ಪೌಂಡಿನ ವಸ್ತುವಿಗೆ ರಕ್ಷಣೆಯಿಲ್ಲ. 100 ಪೌಂಡ್ 1 ಪೆನ್ನಿಗೆ ಇದೆ. ಸರಿಯಾಗಿ 30,000 ಪೌಂಡಿನ ಕಾರಿಗೆ ಇದೆ; 30,001ಕ್ಕೆ ಇಲ್ಲ.

ಮುಂದೆ ಮೂರು ಪ್ರಶ್ನೆಗಳನ್ನು ಕೊಟ್ಟೆ.

ಮೊದಲನೆಯದು: ತಲಾ 60 ಪೌಂಡಿನ ಎರಡು ಸೀಟ್ ಕವರುಗಳನ್ನು ಒಂದೇ ಬಿಲ್ಲಿನಲ್ಲಿ ಕೊಂಡರೆ? ಒಟ್ಟು 120 ಆಗುವುದರಿಂದ ರಕ್ಷಣೆ ಇದೆ ಎಂದು ಬಹುಪಾಲು ಮಕ್ಕಳು ಬರೆದರು. ಕಾನೂನು ಕೇಳುವುದು ಬಿಲ್ಲಿನ ಮೊತ್ತವನ್ನಲ್ಲ, ‘ಒಂದು ವಸ್ತುವಿನ’ ಬೆಲೆಯನ್ನು ಎಂದು ಮತ್ತೆ ಓದಿಸಿದಾಗ ಉತ್ತರ ಬದಲಾಯಿತು. ಆಗ ಒಬ್ಬ ಹುಡುಗ, “ಮಿಸ್, ಎರಡನ್ನೂ ಸೇರಿಸಿ ಒಂದೇ ಸೆಟ್ ಅಂತ 120 ರೇಟು ಹಾಕಿದ್ರೆ?” ಎಂದು ಕೇಳಿದ. ಕಲಮು ನೋಡುವುದು ಮಾರಾಟಗಾರ ಬೆಲೆ ಹಾಕಿರುವ ಬಗೆಯನ್ನೇ ಆದ್ದರಿಂದ ಅವನ ಪ್ರಶ್ನೆ ವಿಷಯದ ಮರ್ಮಕ್ಕೇ ಮುಟ್ಟಿತ್ತು.

ಎರಡನೆಯದು: 12,000 ಪೌಂಡಿನ ಕಾರಿಗೆ 50 ಪೌಂಡ್ ಮುಂಗಡವನ್ನು ಮಾತ್ರ ಕಾರ್ಡಿನಲ್ಲಿ ಕಟ್ಟಿ ಉಳಿದದ್ದನ್ನು ಬ್ಯಾಂಕ್ ಖಾತೆಯಿಂದ ಕಳಿಸಿದರೆ? 50 ಎಂಬುದು 100ಕ್ಕಿಂತ ಕಡಿಮೆ, ಆದ್ದರಿಂದ ಇಲ್ಲ ಎಂದರು. ಇಲ್ಲಿಯೂ ಅಸಮತೆಯ ಚರಾಕ್ಷರ ಯಾವುದಕ್ಕೆ ನಿಂತಿದೆ ಎಂಬುದೇ ಪ್ರಶ್ನೆ. ‘ಬೆ’ ಎಂದರೆ ವಸ್ತುವಿನ ಬೆಲೆ, ಕಾರ್ಡಿನಲ್ಲಿ ಕಟ್ಟಿದ ಮೊತ್ತವಲ್ಲ. ಬೆ = 12,000; ಷರತ್ತು ನಿಜ. ಬ್ಯಾಂಕಿನ ಹೊಣೆಯೂ 50 ಪೌಂಡಿಗೆ ನಿಲ್ಲುವುದಿಲ್ಲ, ಇಡೀ ವ್ಯವಹಾರಕ್ಕೆ ಅನ್ವಯಿಸುತ್ತದೆ.

ಮೂರನೆಯದು: 9,000 ಪೌಂಡ್ ನಷ್ಟವಾದಾಗ ವ್ಯಾಪಾರಿ ಎಷ್ಟು, ಬ್ಯಾಂಕು ಎಷ್ಟು ಕೊಡಬೇಕು? ‘ತಲಾ 4,500’ ಎಂದು ಕೂಗಿದರು. ಜಂಟಿ ಮತ್ತು ಪ್ರತ್ಯೇಕ ಹೊಣೆಯಲ್ಲಿ ಅರ್ಧ ಭಾಗ ಎಂಬುದಿಲ್ಲ. ಪೂರ್ತಿ 9,000ವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ಆದರೆ ಒಟ್ಟು 9,000ಕ್ಕಿಂತ ಹೆಚ್ಚು ಸಿಗುವುದಿಲ್ಲ. ಕೊಟ್ಟ ಬ್ಯಾಂಕು ಅದನ್ನು ವ್ಯಾಪಾರಿಯಿಂದ ವಸೂಲು ಮಾಡಿಕೊಳ್ಳಬಹುದು. ಭಾಗಾಕಾರ ಮಾಡಬಾರದ ಕಡೆ ಮಾಡದಿರುವುದೂ ಗಣಿತವೇ.

ಹಂತ 2: ದಾರದ ತ್ರಿಕೋನ

ಮೂವರು ವಿದ್ಯಾರ್ಥಿಗಳಿಗೆ ‘ಸಾಲಗಾರ’, ‘ಸಾಲದಾತ’, ‘ಮಾರಾಟಗಾರ’ ಎಂಬ ಹಲಗೆಗಳನ್ನು ಕೊಟ್ಟು ನಿಲ್ಲಿಸಿದೆ. ಸಾಲಗಾರ ಎಂದರೆ ಕಾರ್ಡ್ ಖಾತೆಯವನು, ಸಾಲದಾತ ಎಂದರೆ ಬ್ಯಾಂಕು. ಸಾಲಗಾರನಿಂದ ಬ್ಯಾಂಕಿಗೆ ಒಂದು ದಾರ: ಇದು ಸಾಲದ ಕರಾರು. ಬ್ಯಾಂಕಿನಿಂದ ಮಾರಾಟಗಾರನಿಗೆ ಒಂದು ದಾರ: ಇದು ಹಣ ಹೋಗುವ ದಾರಿ. ಮಾರಾಟಗಾರನಿಂದ ಸಾಲಗಾರನಿಗೆ ಒಂದು ದಾರ: ಇದು ಕಾರಿನ ಕರಾರು. ಮೂರೂ ಬಿಗಿಯಾಗಿದ್ದರೆ ತ್ರಿಕೋನ ಮುಚ್ಚುತ್ತದೆ, ರಕ್ಷಣೆ ಇರುತ್ತದೆ.

ನಂತರ ನಾಲ್ಕನೆಯವಳಾಗಿ ‘ತಂಗಿ’ಯನ್ನು ಕರೆದೆ. ಸಾಲಗಾರನ ಹಲಗೆ ಹಿಡಿದವನು ಈಗ ‘ಅಣ್ಣ’. ಕಾರಿನ ಬಿಲ್ಲು ತಂಗಿಯ ಹೆಸರಿನಲ್ಲಿದೆ ಎಂದು ಹೇಳಿ, ಮಾರಾಟಗಾರನ ಕೈಯಿಂದ ಅಣ್ಣನಿಗೆ ಹೋಗಿದ್ದ ದಾರವನ್ನು ಬಿಡಿಸಿ ತಂಗಿಯ ಕೈಗೆ ಕೊಟ್ಟೆ. ತ್ರಿಕೋನ ಬಿಚ್ಚಿಕೊಂಡಿತು. ಅಣ್ಣನಿಗೆ ಬ್ಯಾಂಕಿನ ಜೊತೆ ದಾರವಿದೆ, ಮಾರಾಟಗಾರನ ಜೊತೆ ಇಲ್ಲ. ತಂಗಿಗೆ ಮಾರಾಟಗಾರನ ಜೊತೆ ದಾರವಿದೆ, ಬ್ಯಾಂಕಿನ ಜೊತೆ ಇಲ್ಲ. ಕಲಮಿನ ಮಾತು ‘ಅಂಥದೇ ಹಕ್ಕು’ ಎಂದು. ಅಣ್ಣನಿಗೆ ಮಾರಾಟಗಾರನ ಮೇಲೆ ಹಕ್ಕೇ ಇಲ್ಲದಾಗ ಅಂಥದು ಎನ್ನಲು ಏನೂ ಉಳಿಯುವುದಿಲ್ಲ.

ತರಗತಿ ಸುಮ್ಮನೆ ಒಪ್ಪಲಿಲ್ಲ. “ಅಣ್ಣ ತಂಗಿ ಅಂದ್ಮೇಲೆ ದುಡ್ಡು ಒಂದೇ ಮನೇದಲ್ವಾ ಮಿಸ್?” ಎಂದು ಒಬ್ಬಳು ವಾದಿಸಿದಳು. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಮುಖ್ಯ ಕ್ಷಣ ಇದು. ಅಣ್ಣ ಮತ್ತು ತಂಗಿಯ ನಡುವೆ ಇನ್ನೊಂದು ದಾರ ಕಟ್ಟಿಬಿಡೋಣ ಎಂದು ಅವಳೇ ಸೂಚಿಸಿದಳು. ಕಟ್ಟಿದೆವು. ಆಕೃತಿ ಚತುರ್ಭುಜವಾಯಿತು; ತ್ರಿಕೋನವಾಗಲಿಲ್ಲ. ಮನೆಯ ಸಂಬಂಧ ನಿಜವೇ, ಆದರೆ ಕಲಮು ಕೇಳುವ ಆಕೃತಿ ಅದಲ್ಲ.

ಹಂತ 3: ಐದು ಬಿಲ್ಲುಗಳು

ತಂಡಗಳಿಗೆ ಐದು ಮಾದರಿ ಪ್ರಸಂಗಗಳನ್ನು ಹಂಚಿದೆ. ಎಲ್ಲದರಲ್ಲಿಯೂ ಕಾರು ಒಂದೇ, ಬೆಲೆ 9,000 ಪೌಂಡ್, ಮೂರು ವಾರಕ್ಕೆ ಎಂಜಿನ್ ಕೈಕೊಟ್ಟಿದೆ, ವ್ಯಾಪಾರಿ ಅಂಗಡಿ ಮುಚ್ಚಿದ್ದಾನೆ.

ಅ) ಬಿಲ್ಲು ತಂಗಿಯ ಹೆಸರಿನಲ್ಲಿ, 500 ಪೌಂಡ್ ಮುಂಗಡ ಅಣ್ಣನ ಕ್ರೆಡಿಟ್ ಕಾರ್ಡಿನಿಂದ, ಉಳಿದದ್ದು ತಂಗಿಯ ಖಾತೆಯಿಂದ. ಕೊಂಡಿ ಕಳಚಿದೆ.

ಆ) ಬಿಲ್ಲು ತಂಗಿಯ ಹೆಸರಿನಲ್ಲಿ, 500 ಪೌಂಡ್ ಮುಂಗಡ ತಂಗಿಯದೇ ಕ್ರೆಡಿಟ್ ಕಾರ್ಡಿನಿಂದ, ಉಳಿದ 8,500 ಪೌಂಡನ್ನು ಅಣ್ಣ ತಂಗಿಯ ಖಾತೆಗೆ ಹಾಕಿದ, ಅವಳು ವ್ಯಾಪಾರಿಗೆ ಕಳಿಸಿದಳು. ಕೊಂಡಿ ಭದ್ರ. ಇಡೀ 9,000 ಪೌಂಡಿನ ಕಾರಿಗೆ ರಕ್ಷಣೆ.

ಇ) ಅಣ್ಣನೇ ತನ್ನ ಹೆಸರಿನಲ್ಲಿ, ತನ್ನ ಕಾರ್ಡಿನಿಂದ ಕೊಂಡು ತಂಗಿಗೆ ಓಡಿಸಲು ಕೊಟ್ಟ. ಕೊಂಡಿ ಭದ್ರ, ಆದರೆ ಕೇಳುವ ಹಕ್ಕು ಅಣ್ಣನದು.

ಈ) ಅಣ್ಣನ ಖಾತೆಯ ಮೇಲೆ ತಂಗಿಗೆ ಕೊಡಿಸಿದ ಹೆಚ್ಚುವರಿ ಕಾರ್ಡಿನಿಂದ ತಂಗಿ ತನ್ನ ಹೆಸರಿನಲ್ಲಿ ತನಗಾಗಿ ಕೊಂಡಳು. ಕಾರ್ಡಿನ ಮೇಲೆ ಅವಳ ಹೆಸರು ಅಚ್ಚಾಗಿದ್ದರೂ ಸಾಲಗಾರ ಅಣ್ಣನೇ. ಕೊಂಡಿ ಕಳಚುತ್ತದೆ.

ಉ) ಬಿಲ್ಲಿನಲ್ಲಿ ಇಬ್ಬರೂ ಕೊಳ್ಳುವವರು, ಮುಂಗಡ ಅಣ್ಣನ ಕಾರ್ಡಿನಿಂದ. ಅಣ್ಣನೂ ಕರಾರಿನ ಪಕ್ಷವಾದ್ದರಿಂದ ಅವನಿಗೆ ಎರಡೂ ದಾರಗಳಿವೆ.

ಪ್ರತಿ ತಂಡ ನಾಲ್ಕು ಷರತ್ತುಗಳ ಕೋಷ್ಟಕ ತುಂಬಿತು. ಮೊದಲ ಮೂರು ಕಂಬಗಳಲ್ಲಿ ಎಲ್ಲ ಪ್ರಸಂಗಗಳಿಗೂ ‘ನಿಜ’ ಬಂತು. ನಾಲ್ಕನೆಯ ಕಂಬದಲ್ಲಿ ಮಾತ್ರ ಬೇರೆಯಾಯಿತು. ‘ಅ’ ಮತ್ತು ‘ಆ’ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಾಗ ತರಗತಿ ನಿಜಕ್ಕೂ ಯೋಚನೆಗೆ ಬಿತ್ತು. ಅದೇ ಮನೆ, ಅದೇ ಕಾರು, ‘ಆ’ದಲ್ಲಿ ಅಣ್ಣನ ನೆರವು ಹದಿನೇಳು ಪಟ್ಟು ಹೆಚ್ಚು, ಆದರೂ ರಕ್ಷಣೆ ಇರುವುದು ಅಲ್ಲಿಯೇ. ನೆರವು ಎಷ್ಟು ಎಂಬುದಕ್ಕಿಂತ ಅದು ಯಾವ ದಾರಿಯಲ್ಲಿ ಹೋಯಿತು ಎಂಬುದು ಮುಖ್ಯ. ತನ್ನ ಹೆಸರಿನಲ್ಲಿ ಸಣ್ಣ ಮಿತಿಯ ಕಾರ್ಡ್ ಇದ್ದರೂ ಸಾಕು, ಮುಂಗಡದ ಒಂದು ಪಾಲನ್ನು ಅದರಲ್ಲಿ ಕಟ್ಟಬಹುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕಾಯಿತು. ಬ್ರಿಟನ್ನಿನ ವಾಹನ ನೋಂದಣಿ ಪತ್ರದಲ್ಲಿರುವುದು ವಾಹನವನ್ನು ಇಟ್ಟುಕೊಂಡವರ ಹೆಸರು; ಅದು ಮಾಲೀಕತ್ವದ ಪುರಾವೆಯಲ್ಲ. ಆದ್ದರಿಂದ ನಾಲ್ಕನೇ ಷರತ್ತಿಗೆ ನೋಡಬೇಕಾದ್ದು ಕೊಳ್ಳುವ ಕರಾರು ಮತ್ತು ಬಿಲ್ಲು. ಇನ್ನೊಂದು, ಅಣ್ಣ ಕೊಂಡ ಕಾರನ್ನು ಹೆಚ್ಚಾಗಿ ಓಡಿಸುವವಳು ತಂಗಿಯೇ ಆಗಿದ್ದರೆ ವಿಮಾ ಕಂಪನಿಗೆ ಹಾಗೆಂದೇ ಹೇಳಬೇಕು. ಕಂತು ಕಡಿಮೆಯಾಗಲೆಂದು ಅಣ್ಣನನ್ನೇ ಮುಖ್ಯ ಚಾಲಕನೆಂದು ತೋರಿಸುವುದು ಅಲ್ಲಿ ವಂಚನೆ.

ಹಂತ 4: ‘ಮತ್ತು’ ಮುಚ್ಚಿದಾಗ ‘ಅಥವಾ’

‘ಅ’ ಪ್ರಸಂಗದ ಅಣ್ಣ ತಂಗಿಯರಿಗೆ ದಾರಿಯೇ ಇಲ್ಲವೇ ಎಂದು ಮಕ್ಕಳು ಕೇಳಿದರು. ಇದೆ, ಆದರೆ ಕಿರಿದು. ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆಯಲ್ಲಿ ಕಾರ್ಡಿನವನು ತನ್ನ ಬ್ಯಾಂಕಿಗೆ ಹೇಳಿ, ಕಟ್ಟಿದ ಹಣವನ್ನು ಮಾರಾಟಗಾರನ ಬ್ಯಾಂಕಿನಿಂದ ಹಿಂದಕ್ಕೆ ಕೇಳಿಸಬಹುದು. ಇದು ಕಾನೂನಿನ ಹಕ್ಕಲ್ಲ, ವೀಸಾ, ಮಾಸ್ಟರ್‌ಕಾರ್ಡ್‌ಗಳಂಥ ಜಾಲಗಳ ನಿಯಮ. ಸಾಮಾನ್ಯವಾಗಿ 120 ದಿನಗಳ ಗಡುವಿರುತ್ತದೆ. ಸಿಕ್ಕರೂ ಕಾರ್ಡಿನಲ್ಲಿ ಹೋದ 500 ಪೌಂಡ್ ಮಾತ್ರ. 9,000 ಮತ್ತು 500ರ ನಡುವಿನ ಅಂತರವನ್ನು ಹಲಗೆಯ ಮೇಲೆ ಕಳೆದು ತೋರಿಸಿದೆ: 8,500 ಪೌಂಡ್. ನಾಲ್ಕನೇ ಕಂಬದ ಒಂದು ‘ಸುಳ್ಳು’ ಎಂಬ ಪದದ ಬೆಲೆ ಅದು.

ಬ್ಯಾಂಕು ದೂರನ್ನು ತಳ್ಳಿಹಾಕಿದರೆ ಅಥವಾ 8 ವಾರಗಳಲ್ಲಿ ಅಂತಿಮ ಉತ್ತರ ಕೊಡದಿದ್ದರೆ ಅಲ್ಲಿನ ಹಣಕಾಸು ಓಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದು. ಅಂತಿಮ ಉತ್ತರ ಬಂದ ಮೇಲೆ 6 ತಿಂಗಳೊಳಗೆ ಹೋಗಬೇಕು.

ನಮ್ಮ ಕಾನೂನಿನೊಂದಿಗೆ ಹೋಲಿಕೆ

ಪಾಠವನ್ನು ಅಲ್ಲಿಗೇ ಬಿಟ್ಟರೆ ಮಕ್ಕಳು ನಮ್ಮಲ್ಲಿಯೂ ಹೀಗೆಯೇ ಎಂದುಕೊಳ್ಳುವ ಅಪಾಯವಿತ್ತು. ಆದ್ದರಿಂದ ಎರಡನೇ ಅವಧಿಯ ಕೊನೆಯ ಭಾಗವನ್ನು ಹೋಲಿಕೆಗೆ ಮೀಸಲಿಟ್ಟೆ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಗ್ರಾಹಕ’ ಎಂದರೆ ಹಣ ಕೊಟ್ಟು ಕೊಂಡವನು ಮಾತ್ರವಲ್ಲ. ಕೊಂಡವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವನೂ ಗ್ರಾಹಕನೇ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಹೊರಗೆ. ಅಂದರೆ ಅಣ್ಣ ಕೊಂಡು ಕೊಟ್ಟ ಸ್ಕೂಟರನ್ನು ಓಡಿಸುವ ತಂಗಿ ತಾನೇ ದೂರು ಕೊಡಬಹುದು. 50 ಲಕ್ಷ ರೂಪಾಯಿವರೆಗೆ ಪಾವತಿಸಿದ ವ್ಯವಹಾರಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. 5 ಲಕ್ಷದವರೆಗೆ ದೂರಿನ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಬೇಕು. ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಆದರೆ ಮಾರಿದವನ ದೋಷಕ್ಕೆ ಕಾರ್ಡಿನ ಬ್ಯಾಂಕನ್ನೂ ಹೊಣೆಯಾಗಿಸುವ 75ನೇ ಕಲಮಿನಂಥದು ನಮ್ಮಲ್ಲಿಲ್ಲ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಗ್ರಾಹಕ ಹೊಣೆ ಮಿತಿಯ ನಿಯಮಗಳು ನಮ್ಮ ಅನುಮತಿಯಿಲ್ಲದೆ ನಡೆದ ವ್ಯವಹಾರಗಳಿಗೆ ಸಂಬಂಧಿಸಿದವು. ನಾವೇ ಒಪ್ಪಿ ಕೊಂಡ ವಸ್ತು ಕೆಟ್ಟದ್ದಾದರೆ ಅವು ನೆರವಿಗೆ ಬರುವುದಿಲ್ಲ.

ಇದನ್ನು ಎರಡು ವೃತ್ತಗಳಾಗಿ ಬರೆಯಿಸಿದೆ. ಬ್ರಿಟನ್ನಿನ ವೃತ್ತದೊಳಗೆ ಬ್ಯಾಂಕು ಇದೆ, ಬಳಸುವ ತಂಗಿ ಹೊರಗಿದ್ದಾಳೆ. ನಮ್ಮ ವೃತ್ತದೊಳಗೆ ತಂಗಿ ಇದ್ದಾಳೆ, ಬ್ಯಾಂಕು ಹೊರಗಿದೆ. ಎರಡರ ಛೇದನದಲ್ಲಿ ಮಾರಾಟಗಾರ ಮತ್ತು ಕೊಂಡವನು. ಯಾವುದು ಒಳ್ಳೆಯ ಕಾನೂನು ಎಂಬ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ. ದಿವಾಳಿಯಾದ ಅಂಗಡಿಯ ವಿರುದ್ಧ ಗೆದ್ದು ಏನು ಪ್ರಯೋಜನ ಎಂದು ಒಂದು ಬೆಂಚು; ಬಳಸುವವರ ಮಾತನ್ನೇ ಕೇಳದ ಕಾನೂನು ಎಂಥದು ಎಂದು ಇನ್ನೊಂದು ಬೆಂಚು.

ಮೌಲ್ಯಮಾಪನ

ಮನೆಗೆಲಸಕ್ಕೆ ಎರಡು ಪ್ರಶ್ನೆಗಳು. ಒಂದು: ನಾಲ್ಕು ಷರತ್ತುಗಳಲ್ಲಿ ಸರಿಯಾಗಿ ಒಂದು ಮಾತ್ರ ಸುಳ್ಳಾಗುವಂತೆ ನಾಲ್ಕು ಪ್ರಸಂಗಗಳನ್ನು ನೀವೇ ರಚಿಸಿ. ಎರಡು: ನಿಮ್ಮ ಮನೆಯಲ್ಲಿ ಇತ್ತೀಚೆಗೆ ಕೊಂಡ ಒಂದು ವಸ್ತುವಿಗೆ ಹಣ ಕೊಟ್ಟವರು, ಬಿಲ್ಲಿನಲ್ಲಿ ಹೆಸರಿರುವವರು, ಬಳಸುವವರು ಯಾರು ಎಂದು ಬರೆಯಿರಿ, ಮೊತ್ತ ಬರೆಯಬೇಡಿ.

ಮೊದಲ ಪ್ರಶ್ನೆ ಸತ್ಯಕೋಷ್ಟಕದ ತಿಳಿವಳಿಕೆಯನ್ನು ಚೆನ್ನಾಗಿ ಅಳೆಯಿತು. ಎರಡನೆಯದು ಮಕ್ಕಳನ್ನು ಬಿಲ್ಲು ಹುಡುಕುವುದಕ್ಕೆ ಹಚ್ಚಿತು. ಮಿಕ್ಸಿಗೆ ಹಣ ಕೊಟ್ಟವರು ಸೋದರಮಾವ, ಬಿಲ್ಲು ಅಪ್ಪನ ಹೆಸರಿಗೆ, ಬಳಸುವವರು ಅಮ್ಮ ಎಂಬಂಥ ಉತ್ತರಗಳು ಬಂದವು. ಬಿಲ್ಲೇ ಸಿಗಲಿಲ್ಲ ಎಂದು ಬರೆದವರೂ ಇದ್ದರು. ಮೊತ್ತ ಕೇಳದಿದ್ದುದರಿಂದ ಯಾರ ಮನೆಯ ಸ್ಥಿತಿಗತಿಯೂ ತರಗತಿಯಲ್ಲಿ ಬಯಲಾಗಲಿಲ್ಲ. ಈ ಪಾಠ ಮಾಡುವವರು ಈ ಎಚ್ಚರ ಬಿಡಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ದಾರದ ಚಟುವಟಿಕೆಗೆ ತರಗತಿಯ ಮುಂದೆ ಸಾಕಷ್ಟು ಜಾಗ ಬೇಕು. ಇಲ್ಲದಿದ್ದರೆ ಹೊರಗೆ ಮರದ ಕೆಳಗೆ ಮಾಡಬಹುದು. ಐದು ಪ್ರಸಂಗಗಳಿಗೆ ಮುಂಚೆ ಅಸಮತೆಯ ಹಂತವನ್ನು ಪೂರ್ಣ ಮುಗಿಸಬೇಕು; ಎರಡನ್ನೂ ಬೆರೆಸಿದರೆ ಮೊತ್ತ ಯಾವುದು, ಸಂಬಂಧ ಯಾವುದು ಎಂದು ಗೋಜಲಾಗುತ್ತದೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರ ಜೊತೆಗೂಡಿ ಮಾಡಿದರೆ ಹೋಲಿಕೆಯ ಭಾಗಕ್ಕೆ ಪೂರ್ತಿ ಒಂದು ಅವಧಿಯನ್ನೇ ಕೊಡಬಹುದು. ಸಂಬಂಧಿಕರ ನೆರವು ಬೇಡವೆಂದು ಮಕ್ಕಳು ತಿಳಿಯದಂತೆಯೂ ನೋಡಿಕೊಳ್ಳಬೇಕು. ಅಣ್ಣ ಕೊಡಲಿ, ತಂಗಿ ಪಡೆಯಲಿ; ಬಿಲ್ಲಿನಲ್ಲಿ ಯಾರ ಹೆಸರು, ಯಾರ ಕಾರ್ಡು ಎಂದು ಹಣ ಕಟ್ಟುವ ಮೊದಲು ಒಮ್ಮೆ ಕೇಳಿಕೊಳ್ಳಲಿ.